ನನ್ನ ಕಾಲಿಗೆ ನನ್ನದೇ ರುಜು

ಕುದೇರು
14 ನವೆಂಬರ್ 2004

ಮಹಾಲಿಂಗಣ್ಣನವರಿಗೆ,

ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಕ್ಷೇಮವಾಗಿದ್ದರೆ ಆಸ್ಪತ್ರೆಯ ಚಾಮುಂಡಿ ಮೇಡಂ ನಿಮ್ಮ ವಿಳಾಸವನ್ನು ನನಗೇಕೆ ಕೊಡುತ್ತಿದ್ದರು? ಆ ಸಾಲನ್ನು ಬಿಟ್ಟಿದ್ದೇನೆ. ಅಣ್ಣ ಎಂದು ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಮ್ಮೂರ ಪೋಸ್ಟ್‌ಮ್ಯಾನ್ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುವ ಮನುಷ್ಯ. ಬೇರೇನಾದರೂ ಕಾಣಿಸುವ ಮೊದಲು ಅವನಿಗೆ ಅಣ್ಣ ಎಂಬ ಪದ ಕಾಣಿಸಲಿ.

ನನ್ನ ಹೆಸರು ಅನು. ಹತ್ತೊಂಬತ್ತು ವರ್ಷ. ಚಾಮರಾಜನಗರದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಅಪ್ಪ ಪುಟ್ಟಮಾದಯ್ಯ ರೇಷ್ಮೆ ಇಲಾಖೆಯಲ್ಲಿದ್ದಾರೆ. ಕತ್ತಿನಲ್ಲಿ ಗಡ್ಡೆ ಬಂದು ಮೈಸೂರಿನ ಆಸ್ಪತ್ರೆಗೆ ಹೋದೆವು. ಒಟ್ಟು ಹನ್ನೆರಡು ಇಂಜೆಕ್ಷನ್, ಎರಡು ವಾರಕ್ಕೊಂದು, ಗುರುವಾರ. ಮೂರು ಮುಗಿದಿವೆ. ಇದು ವಾಸಿಯಾಗುವಂಥ ಕ್ಯಾನ್ಸರ್ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ಅಮ್ಮನಿಗೆ ಹೇಳಿದರು. ಅಮ್ಮ ಒಲೆ ಮುಂದೆ ಕೂತು ಅಳುತ್ತಿದ್ದಾಗ ನನಗೆ ಗೊತ್ತಾಯಿತು.

ಮೊದಲ ಸಲ ನನ್ನನ್ನು ಮಕ್ಕಳ ವಾರ್ಡಿಗೆ ಹಾಕಿದರು. ಗೋಡೆಯ ಮೇಲೆ ಕ್ಯಾರೆಟ್ ತಿನ್ನುವ ಮೊಲದ ಚಿತ್ರ. ಸೂಜಿ ಚುಚ್ಚುವ ಮುಂಚೆ ನರ್ಸು "ಕಾಗೆ ನೋಡು ಪುಟ್ಟಾ" ಎಂದರು. ಎರಡನೇ ಸಲ ದೊಡ್ಡವರ ವಾರ್ಡು. ಅಲ್ಲಿ ಆಚೆ ಈಚೆ ಮಂಚದ ಅಜ್ಜಿಯರು ತಮ್ಮ ನೋವು ಮರೆತು "ಅಯ್ಯೋ, ಮದ್ವೆ ಆಗ್ದಿರೋ ಹೆಣ್ಮಗ" ಎಂದು ನನಗಾಗಿ ಅತ್ತರು. ನಾನು ಮೊಲಕ್ಕೂ ಸೇರಿದವಳಲ್ಲ, ಅಜ್ಜಿಯರಿಗೂ ಸೇರಿದವಳಲ್ಲ. ಮೂರನೇ ಸಲ ಕೌನ್ಸೆಲರ್ ಚಾಮುಂಡಿ ಮೇಡಂ ಸಿಕ್ಕಿದರು. ಹಳೇ ಸ್ಟೋರ್ ರೂಮನ್ನು ಗುಡಿಸಿ, ಹದಿನೈದರಿಂದ ಇಪ್ಪತ್ತೈದು ವರ್ಷದವರಿಗೆಂದೇ ಪ್ರತಿ ಗುರುವಾರ ತೆರೆದಿಡುತ್ತಾರಲ್ಲ, ನೀವೂ ಆ ರೂಮು ನೋಡಿದ್ದೀರಂತೆ. ಒಂದು ಕೇರಂ ಬೋರ್ಡು, ನಾಲ್ಕು ಕುರ್ಚಿ, ಬಾಗಿಲಲ್ಲಿ "ತಂದೆ ತಾಯಿಯರು ಹೊರಗೆ ಕಾಯಬೇಕು" ಎಂಬ ಬೋರ್ಡು. ಆ ಬೋರ್ಡು ಓದಿಯೇ ನನಗೆ ಅರ್ಧ ವಾಸಿಯಾಯಿತು. ನಿಮ್ಮ ತಾರೀಕೂ ನನ್ನ ತಾರೀಕೂ ಕೂಡಿಬರುವುದಿಲ್ಲವಾದ್ದರಿಂದ ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳಿ ಎಂದರು ಮೇಡಂ.

ಕೂದಲು ಉದುರಲು ಶುರುವಾದ ಕೂಡಲೇ ಅಮ್ಮ ನನ್ನನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಮುಡಿ ಕೊಡಿಸಿದರು. ಉದುರುವ ಮುಂಚೆ ತೆಗೆಸಿಬಿಟ್ಟರೆ ಹರಕೆ ಎನ್ನಬಹುದಲ್ಲ! ಊರಿಗೆಲ್ಲ ಹಾಗೇ ಹೇಳಿದ್ದಾರೆ. ಯಾವ ಹರಕೆ ಎಂದವರಿಗೆ ಒಬ್ಬರಿಗೆ ಅಪ್ಪನ ಬಡ್ತಿ, ಇನ್ನೊಬ್ಬರಿಗೆ ನನ್ನ ಪರೀಕ್ಷೆ. ಅಮ್ಮ ಏನಾದರೂ ಹೇಳಿಕೊಳ್ಳಲಿ. ನಾನಂತೂ ಬೋಳುತಲೆಯಲ್ಲೇ ಕಾಲೇಜಿಗೆ ಹೋಗುತ್ತಿದ್ದೇನೆ. ಯಾರಾದರೂ ನೋಡಿದರೆ ಅವರು ಕಣ್ಣು ತಗ್ಗಿಸುವ ತನಕ ನಾನೂ ನೋಡುತ್ತೇನೆ.

ನಿಮ್ಮ ಕಾಲಿನ ವಿಷಯ ಬರೆಯಿರಿ.

ಅನು


ಬಂಡೀಪುರ
26 ನವೆಂಬರ್ 2004

ತಂಗಿ ಅನುವಿಗೆ,

ಪೋಸ್ಟ್‌ಮ್ಯಾನ್ ಸ್ವಾಮಿಗಳೇ, ಈ ಕಾಗದವನ್ನೂ ಬೆಳಕಿಗೆ ಹಿಡಿದಿದ್ದರೆ ನಿಮಗೂ ನಮಸ್ಕಾರ. ಗಾಬರಿ ಬೇಡ. ಇದು ಲವ್ ಅಲ್ಲ, ಕ್ಯಾನ್ಸರ್.

ನನಗೆ ಇಪ್ಪತ್ತೊಂದು. ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ಅವ್ವ ಗುರುಮಲ್ಲಮ್ಮ ಇಲಾಖೆಯ ಮೆಸ್ಸಿನಲ್ಲಿ ಅಡುಗೆ ಮಾಡುತ್ತಾಳೆ. ನಮ್ಮನ್ನು ಸಾಕಿದವರು ಸೋದರಮಾವ ಮರಿಯಯ್ಯ, ಇಲ್ಲೇ ಫಾರೆಸ್ಟ್ ಗಾರ್ಡು. ನನಗೆ ಎಡಗಾಲಿನ ಮಂಡಿ ಹತ್ತಿರ ಮೂಳೆಯಲ್ಲಿ ಬಂದಿದೆ. ಮೂರು ಸುತ್ತು ಇಂಜೆಕ್ಷನ್ ಮುಗೀತು. ಡಿಸೆಂಬರ್ 14ಕ್ಕೆ ಆಪರೇಷನ್. ಮಂಡಿಯಿಂದ ಮೇಲಕ್ಕೆ ತೆಗೆಯುತ್ತಾರಂತೆ.

ಅಂತೆ ಎಂದು ಯಾಕೆ ಬರೆದೆ ಎಂದರೆ, ಡಾಕ್ಟರು ನನಗೆ ಹೇಳಲಿಲ್ಲ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಅವರು ಕುರ್ಚಿಯಲ್ಲಿದ್ದ ಮಾವನಿಗೆ ಹೇಳಿದರು. ಮಾವ ಫಾರಮ್ಮಿಗೆ ರುಜು ಹಾಕಿದರು. ಹೊರಗೆ ಬಂದ ಮೇಲೆ ಬೆನ್ನು ತಟ್ಟಿ "ನಾನೆಲ್ಲ ನೋಡ್ಕತೀನಿ ಬುಡ್ಲಾ, ನೀನು ತಲೆ ಕೆಡಿಸ್ಕಬ್ಯಾಡ" ಎಂದರು. "ತಲೆಯಲ್ಲ ಮಾವ, ಕಾಲು" ಎಂದೆ. ಅವರಿಗೆ ನಗು ಬರಲಿಲ್ಲ.

ಈ ವರ್ಷದ ಎಲೆಕ್ಷನ್‌ನಲ್ಲಿ ಮೊದಲ ಸಲ ಓಟು ಹಾಕಿದೆ. ದೇಶ ಆಳುವವರನ್ನು ಆರಿಸುವಷ್ಟು ದೊಡ್ಡವನು ನಾನು. ಇರಲಿ ಬಿಡು. ನೀನು ಬೋಳುತಲೆಯಲ್ಲಿ ಕಾಲೇಜಿಗೆ ಹೋಗುವುದನ್ನು ಓದಿ ಖುಷಿಯಾಯಿತು. ಗಂಡುಬೀರಿ ಕಣಮ್ಮಿ ನೀನು. ಹಾಗೇ ಇರು.

ಮಹಾಲಿಂಗ


ಕುದೇರು
8 ಡಿಸೆಂಬರ್ 2004

ಮಹಾಲಿಂಗಣ್ಣ,

ಇನ್ನು ಮೇಲೆ ಆ ರೋಗದ ಹೆಸರನ್ನು ಕಾಗದದ ಮೊದಲ ಸಾಲಿನಲ್ಲೇ ಬರೆಯಬೇಡಿ. ನನಗೇನೂ ಇಲ್ಲ. ಅಮ್ಮನಿಗೆ ಕಷ್ಟ.

ನಾಳೆ ಐದನೆಯದು. ಬಾಯಿಯೆಲ್ಲ ಹುಣ್ಣು, ಮುದ್ದೆ ನುಂಗುವುದಕ್ಕೂ ಆಗುತ್ತಿಲ್ಲ. ಕಾಲೇಜಿನಲ್ಲಿ ಎಲ್ಲ ಚೆನ್ನಾಗಿದೆ. ನನ್ನ ಧೈರ್ಯ ನೋಡಿ ಲೆಕ್ಚರರ್ ಒಬ್ಬರು ಕ್ಲಾಸಿನಲ್ಲೇ ಹೊಗಳಿದರು.

ಹದಿನಾಲ್ಕನೇ ತಾರೀಕು ನಾನು ಬೆಳಗಿನಿಂದ ನಿಮ್ಮನ್ನೇ ನೆನೆಸಿಕೊಂಡಿರುತ್ತೇನೆ. ಭಯವಾದರೆ ಯಾರನ್ನಾದರೂ ಬೈಯಿರಿ. ನನಗೆ ಅದರಿಂದ ಅನುಕೂಲವಾಗುತ್ತದೆ. ನೀವು ಎದ್ದು ಕೂತ ಮೇಲೆ ಎರಡು ಸಾಲು ಹಾಕಿ.

ಅನು


ಬಂಡೀಪುರ
10 ಜನವರಿ 2005

ತಂಗಿ ಅನು,

ಆಯಿತು. ಎಡಗಾಲು ಹೋಯಿತು, ನಾನು ಉಳಿದೆ. ಬರೆಯಲು ತಡವಾಯಿತು, ಕ್ಷಮಿಸು.

ನೋವು ಅಂಥದ್ದೇನಿಲ್ಲ. ಇರುವೆ ಕಚ್ಚಿದ ಹಾಗೆ. ಮೂರನೇ ದಿನಕ್ಕೇ ಎದ್ದು ಕೂತು ನಗುತ್ತಿದ್ದೆ. ಡಾಕ್ಟರು "ಇಂಥ ಗಟ್ಟಿ ಹುಡುಗನನ್ನು ನಾನು ನೋಡಿಯೇ ಇಲ್ಲ" ಎಂದರು. ಊರುಗೋಲಿನಲ್ಲಿ ಮನೆಯಂಗಳ ಸುತ್ತುತ್ತೇನೆ. ಇಲ್ಲಿ ಕಾಡಿಗೆ ಬೆಂಕಿ ಹರಡದಂತೆ ಫೈರ್ ಲೈನ್ ಕಡಿಯುವ ಕೆಲಸ ಶುರುವಾಗಿದೆ. ಜೊತೆಯವರೆಲ್ಲ ಹೋಗುತ್ತಾರೆ, ನಾನು ಜಗಲಿಯಲ್ಲಿ ಕೂತು ಅವರಿಗೆ ಹುಕುಂ ಮಾಡುತ್ತೇನೆ.

ನೀನು ಒಂದು ಇಂಜೆಕ್ಷನ್ನನ್ನೂ ತಪ್ಪಿಸಬಾರದು. ನನ್ನ ಮುಂದೆ ನಿನ್ನದು ಏನೂ ಅಲ್ಲ ಎಂದು ತಿಳಿದುಕೋ.

ಮಹಾಲಿಂಗ


ಕುದೇರು
21 ಜನವರಿ 2005

ಮಹಾಲಿಂಗಣ್ಣ,

ನಿಮಗೆ ಒಂದು ವಿಷಯ ಹೇಳಲೇಬೇಕು. ಏಳನೇ ಇಂಜೆಕ್ಷನ್ ಆದ ಮೇಲೆ ನಾನು ಸಾಕು ಎಂದುಬಿಟ್ಟಿದ್ದೆ. ನಾಲ್ಕು ದಿನ ನೀರು ಕುಡಿದರೂ ವಾಂತಿ. ಗಡ್ಡೆ ಕೈಗೆ ಸಿಗುತ್ತಿಲ್ಲ, ಇನ್ನೇತಕ್ಕೆ ಚುಚ್ಚಿಸಿಕೊಳ್ಳಲಿ ಎಂದು ಅಪ್ಪನ ಮುಂದೆ ಹಟ ಹಿಡಿದೆ. ಅಪ್ಪ ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ. ಅವತ್ತು ಎತ್ತಿದರು, ಮತ್ತೆ ಆ ಕೈಯಿಂದ ತಮ್ಮ ಹಣೆಗೇ ಹೊಡೆದುಕೊಂಡರು. ಆದರೂ ನಾನು ಬಗ್ಗಲಿಲ್ಲ.

ಹದಿನೆಂಟನೇ ತಾರೀಕು ನಿಮ್ಮ ಕಾಗದ ಬಂತು. ಒಂದು ಕಾಲು ಕೊಟ್ಟ ಮನುಷ್ಯ ಮೂರನೇ ದಿನಕ್ಕೆ ನಗುತ್ತಾನೆ, ನಾನು ವಾಂತಿಗೆ ಹೆದರುತ್ತೇನಲ್ಲ ಎಂದು ನಾಚಿಕೆಯಾಯಿತು. ನಿನ್ನೆ ಹೋಗಿ ಎಂಟನೆಯದನ್ನು ಹಾಕಿಸಿಕೊಂಡು ಬಂದೆ. ನಿಮ್ಮ ಕಾಗದವನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಇನ್ನು ನಾಲ್ಕು ಉಳಿದಿವೆ. ಈ ನಾಲ್ಕನ್ನೂ ನಿಮ್ಮ ಹೆಸರು ಹೇಳಿಕೊಂಡೇ ಮುಗಿಸುತ್ತೇನೆ.

ಅನು


ಬಂಡೀಪುರ
9 ಫೆಬ್ರವರಿ 2005

ತಂಗಿ ಅನು,

ನನ್ನ ಬಗ್ಗೆ ಅಷ್ಟೆಲ್ಲ ಬರೆಯಬೇಡ. ನನ್ನ ಹೆಸರು ಹೇಳಿಕೊಂಡು ಯಾವುದನ್ನೂ ಮಾಡಬೇಡ. ನಿನ್ನ ಹೆಸರು ಹೇಳಿಕೊಂಡು ಮಾಡು.

ಇಲ್ಲಿ ಪುರುಸೊತ್ತಿಲ್ಲ. ಭಾನುವಾರ ಕಾಡಿಗೆ ಬೆಂಕಿ ಬಿತ್ತು. ಗುಡ್ಡದ ಆ ಮಗ್ಗುಲಲ್ಲಿ ಹೊಗೆ ಕಂಡದ್ದೇ ತಡ, ಆರು ಜನ ಓಡಿದೆವು. ಲಂಟಾನದ ಪೊದೆ ಹತ್ತಿಕೊಂಡರೆ ಬೆಂಕಿ ಮನುಷ್ಯನಿಗಿಂತ ಜೋರಾಗಿ ಓಡುತ್ತದೆ. ಹಸಿ ಸೊಪ್ಪಿನಲ್ಲಿ ಬಡಿದೂ ಬಡಿದೂ ಮಧ್ಯಾಹ್ನದ ಹೊತ್ತಿಗೆ ಆರಿಸಿದೆವು. ಒಂದು ಜಿಂಕೆಮರಿ ನಮ್ಮ ಕಾಲಡಿಯಲ್ಲೇ ನುಗ್ಗಿ ಪಾರಾಯಿತು. ಆಮೇಲೆ ಎಲ್ಲರೂ ಮಸಿ ಮೆತ್ತಿದ ಮುಖಗಳಲ್ಲಿ ಕೂತು ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಆ ಕೆಲಸ ಮಾಡಿದ ದಿನ ಇರುವ ಸುಖ ಇನ್ಯಾವುದರಲ್ಲೂ ಇಲ್ಲ.

ಮೈ ನೋಡಿಕೋ.

ಮಹಾಲಿಂಗ


ಕುದೇರು
18 ಫೆಬ್ರವರಿ 2005

ಮಹಾಲಿಂಗ,

ಅಣ್ಣ ಎಂದು ಬರೆಯುವುದಿಲ್ಲ. ಪೋಸ್ಟ್‌ಮ್ಯಾನ್ ಏನು ಬೇಕಾದರೂ ಅಂದುಕೊಳ್ಳಲಿ.

ಒಂದೇ ಕಾಲಿನಲ್ಲಿ ಗುಡ್ಡಕ್ಕೆ ಓಡಿದೆಯಾ? ಊರುಗೋಲಿನಲ್ಲಿ ಬೆಂಕಿ ಬಡಿದೆಯಾ? ನಿನ್ನ ಕಾಗದ ಓದಿದಾಗ ಮೊದಲು ಹುಡುಗರ ಜಂಬ ಎಂದುಕೊಂಡೆ. ಆಮೇಲೆ ತಡೆಯಲಾಗಲಿಲ್ಲ. ನಿನ್ನೆ ಗುರುವಾರದ ರೂಮಿನಲ್ಲಿ ಮೇಡಂ ಅವರನ್ನು ಕೇಳಿದೆ. "ಮಹಾಲಿಂಗಣ್ಣನ ಗಾಯ ವಾಸಿಯಾಯಿತಾ?" ಎಂದೆ. ಅವರು ಕೇರಂ ಕಾಯಿಗಳನ್ನು ಜೋಡಿಸುತ್ತಿದ್ದವರು ನಿಲ್ಲಿಸಿದರು. ಡಿಸೆಂಬರ್ ಹದಿನಾಲ್ಕರಂದು ನಿನ್ನ ಹಾಸಿಗೆ ಖಾಲಿ ಇತ್ತಂತೆ. ಮೇಡಂ ಮೂರು ಕಾಗದ ಬರೆದರಂತೆ, ಒಂದಕ್ಕೂ ನೀನು ಉತ್ತರ ಕೊಡಲಿಲ್ಲವಂತೆ. ನೀನು ನನಗೆ ಬರೆಯುತ್ತಿದ್ದೀಯೆಂದು ತಿಳಿದು ಅವರಿಗೇ ಆಶ್ಚರ್ಯ.

ನೀನು ಕೊಡದ ಕಾಲನ್ನು ನಂಬಿಕೊಂಡು ನಾನು ಎರಡು ಇಂಜೆಕ್ಷನ್ ಹಾಕಿಸಿಕೊಂಡೆ. ನಿನ್ನೆ ಹತ್ತನೆಯದನ್ನು ಕೋಪಕ್ಕೇ ಹಾಕಿಸಿಕೊಂಡೆ, ಅದೂ ನಡೆಯುತ್ತದೆ ಎಂದು ಗೊತ್ತಾಯಿತು. ಇರುವೆ ಕಚ್ಚಿದ ಹಾಗೆ ಎಂದು ಬರೆದೆಯಲ್ಲ, ನಿನಗೆ ನಾಚಿಕೆಯಾಗಲಿಲ್ಲವೇ? ತಡ ಮಾಡಿದಷ್ಟೂ ಅದು ಎದೆಗೆ ಹತ್ತುತ್ತದೆ, ಆಮೇಲೆ ಕಾಲು ಕೊಟ್ಟರೂ ಪ್ರಯೋಜನವಿಲ್ಲ ಎಂದರು ಮೇಡಂ. ಸಾಯಬೇಕೆಂದಿದ್ದರೆ ಹಾಗೆಂದೇ ಬರೆ. ನಗುನಗುತ್ತಾ ಸುಳ್ಳು ಬರೆಯಬೇಡ.

ಅನು


ಬಂಡೀಪುರ
27 ಫೆಬ್ರವರಿ 2005

ಅನು,

ಸರಿ, ಸುಳ್ಳು ಬರೆದೆ. ಈಗ ನಿಜ ಕೇಳು.

ಮೂರನೇ ಸುತ್ತಿನ ಹೊತ್ತಿಗೆ ಮಂಡಿಯ ಊತ ಇಳಿದುಹೋಯಿತು. ನೋವೂ ಹೋಯಿತು. ನಡೆದೆ, ಆಮೇಲೆ ಓಡಿದೆ. ಇಷ್ಟು ಚೆನ್ನಾಗಿರುವ ಕಾಲನ್ನು ಯಾಕೆ ಕುಯ್ಯಬೇಕು? ಕೇಳೋಣವೆಂದರೆ ಯಾರನ್ನು ಕೇಳಲಿ? ನನ್ನ ಜೊತೆ ಯಾರು ಮಾತಾಡಿದ್ದರು? ಅಳತೆ ತೆಗೆದುಕೊಂಡರು, ಫೋಟೋ ತೆಗೆದರು, ಇಂಗ್ಲಿಷಿನಲ್ಲಿ ಅವರವರೇ ಮಾತಾಡಿಕೊಂಡರು. ಮಾವ ರುಜು ಹಾಕಿದರು. ಸಂತೆಯಲ್ಲಿ ದನದ ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಹಾಗಿತ್ತು. ಹದಿಮೂರನೇ ತಾರೀಕು ಕಾಡಿನೊಳಗಿನ ಕ್ಯಾಂಪಿಗೆ ಹೋಗಿ ಕೂತೆ. ಮಾವ ಹುಡುಕಿಕೊಂಡು ಬಂದರು. "ರುಜು ಹಾಕ್ದೋರು ನೀವು, ನೀವೇ ಓಗಿ ಕುಯ್ಸ್ಕಳಿ" ಎಂದೆ. ಕಾಲು ನೆಟ್ಟಗಿರುವುದನ್ನು ಕಂಡು ಆಮೇಲೆ ಅವರೂ ಸುಮ್ಮನಾದರು.

ನಿನಗೆ ಯಾಕೆ ಸುಳ್ಳು ಬರೆದೆ ಎಂದರೆ, ನೀನು ಅಷ್ಟು ಧೈರ್ಯವಾಗಿ ಬರೆಯುತ್ತಿದ್ದೆ. ಕ್ಲಾಸಿನಲ್ಲಿ ಹೊಗಳಿಸಿಕೊಳ್ಳುವವಳಿಗೆ ನಾನು ಕಾಡಿಗೆ ಓಡಿಹೋದೆ ಎಂದು ಹೇಗೆ ಬರೆಯಲಿ?

ಆದರೆ ಇನ್ನೊಂದು ವಿಷಯ. ಮಾವನ ಮಗಳು ಶಿವರಂಜಿನಿ ನಿನ್ನ ಕಾಲೇಜಿನಲ್ಲೇ ಎರಡನೇ ಬಿ.ಎ. ಓದುತ್ತಾಳೆ. ಮೊನ್ನೆ ರಜಕ್ಕೆ ಬಂದಿದ್ದಾಗ ನಿನ್ನನ್ನು ಬಲ್ಲೆಯಾ ಎಂದು ಕೇಳಿದೆ. ಕುದೇರಿನ ಅನು ದಸರಾ ರಜೆ ಆದ ಮೇಲೆ ಕಾಲೇಜಿಗೆ ಬಂದೇ ಇಲ್ಲ ಎಂದಳು. ಯಾರನ್ನು ದುರುಗುಟ್ಟಿ ನೋಡುತ್ತಿದ್ದೀಯೇ ನೀನು? ಕನ್ನಡಿಯನ್ನಾ?

ಮಹಾಲಿಂಗ


ಕುದೇರು
7 ಮಾರ್ಚ್ 2005

ಮಹಾಲಿಂಗ,

ನಮ್ಮ ಮನೆಯ ಕನ್ನಡಿಗಳನ್ನು ಅಮ್ಮ ಎತ್ತಿಟ್ಟಿದ್ದಾರೆ. ಅದೂ ಇಲ್ಲ.

ನಾನು ಅಕ್ಟೋಬರಿನಿಂದ ಹಿಂದಿನ ಕೋಣೆಯಲ್ಲಿದ್ದೇನೆ. ಮನೆಗೆ ಯಾರಾದರೂ ಬಂದರೆ ಅಮ್ಮ ಹೊರಗಿನಿಂದ ಚಿಲಕ ಹಾಕುತ್ತಿದ್ದರು, ಹಾಕಲಿ ಎಂದು ನಾನೇ ಬಿಟ್ಟಿದ್ದೆ. ಆಸ್ಪತ್ರೆಗೆ ಹೋಗುವಾಗ ಮೊದಲ ಬಸ್ಸು, ಕಣ್ಣಿನವರೆಗೆ ಮುಸುಕು. ನನ್ನನ್ನು ಯಾವ ಲೆಕ್ಚರರೂ ಹೊಗಳಲಿಲ್ಲ. ನೀನು ಒಬ್ಬ ಓಡಿಹೋದವನು, ನಾನು ಒಬ್ಬಳು ಅಡಗಿ ಕೂತವಳು. ಒಬ್ಬರಿಗೊಬ್ಬರು ಧೈರ್ಯದ ಪಾಠ ಮಾಡಿದೆವಲ್ಲ, ಅದನ್ನು ನೆನೆದರೆ ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ.

ಶುಕ್ರವಾರ ನಿನ್ನ ಕಾಗದ ಓದಿ ಉರಿಯುತ್ತಾ ಕೂತಿದ್ದೆ. ಆಗ ಪಕ್ಕದ ಮನೆಯ ದೊಡ್ಡಮಲ್ಲಮ್ಮ ಇಬ್ಬರು ಹೆಂಗಸರ ಜೊತೆ ಬಂದು ನಮ್ಮ ಜಗಲಿಯಲ್ಲಿ ಕೂತರು. ಎಲ್ಲ ಕೇಳಿಸುತ್ತಿತ್ತು. "ಮುಡಿ ಕೊಟ್ಟು ನಾಕು ತಿಂಗ್ಳಾಯ್ತಲ್ಲ ಯಶೋದಮ್ಮ, ಇನ್ನೂವಿ ಕೂದ್ಲು ಬರ್ನಿಲ್ವಂತಲ್ಲ. ಹರ್ಕೇಲಿ ಏನೋ ತಪ್ಪಾಗದ. ಶಿವರಾತ್ರಿಗ ಇನ್ನೊಂದ್ಸಲ ಬೆಟ್ಟಕ್ಕ ಕರ್ಕೊಂಡೋಗಿ ತಪ್ಪು ಕಾಣ್ಕ ಕೊಟ್ಟು ಬಾ." ಅಮ್ಮ "ಹೂ ಕಣಕ್ಕ, ಹಂಗೇ ಮಾಡ್ತೀನಿ" ಎಂದರು. ಎಲ್ಲರೂ ಸೇರಿ ನನ್ನ ತಪ್ಪು ಯಾವುದಿರಬಹುದು ಎಂದು ಹುಡುಕಲು ಶುರು ಮಾಡಿದರು.

ಎದ್ದೆ. ಚಿಲಕ ಹಾಕಿತ್ತು. ಬಾಗಿಲು ಬಡಿದೆ, ಬಡಿಯುತ್ತಲೇ ಇದ್ದೆ. ಕೊನೆಗೆ ಅಮ್ಮ ತೆಗೆಯಬೇಕಾಯಿತು. ಮುಸುಕಿಲ್ಲದೆ ನೇರ ಜಗಲಿಗೆ ಬಂದು ನಿಂತೆ. "ಮುಡಿ ಮಾದಪ್ಪನಿಗೆ ಕೊಟ್ಟೆ ಕಣ ದೊಡ್ಡಮ್ಮ. ಹುಬ್ಬು ಯಾರಿಗ್ ಕೊಟ್ಟೆ, ನೋಡಿ ಹೇಳಿ" ಎಂದೆ. "ನನಗೆ ಕ್ಯಾನ್ಸರ್. ಹನ್ನೊಂದು ಇಂಜೆಕ್ಷನ್ ಆಗದ, ಇನ್ನೊಂದು ಉಳ್ದದ. ಅದ್ರಿಂದ ಕೂದ್ಲು ಹೋಗದ. ನಾನೂ ತಪ್ಪು ಮಾಡಿಲ್ಲ, ಮಾದಪ್ಪನೂ ಮಾಡಿಲ್ಲ" ಎಂದೆ. ಕಂಬ ಹಿಡಿದುಕೊಂಡಿದ್ದೆ.

ದೊಡ್ಡಮಲ್ಲಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ "ಅಂಟ್ಕತದಾ ಅದು?" ಎಂದರು. "ಇಲ್ಲ" ಎಂದೆ. "ಹಂಗಾದ್ರ ಒಳ್ಗ ಯಾಕ ಕುಂತಿದ್ದಿ ಕಣಮ್ಮಿ?" ಎಂದರು. ಜೊತೆಗೆ ಬಂದಿದ್ದ ಇಬ್ಬರು ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದರು, ಈಗ ಊರಿಗೆಲ್ಲ ಗೊತ್ತು. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಮುಂಬಾಗಿಲು ತೆರೆದಿಟ್ಟು, ನನ್ನ ತಟ್ಟೆಯನ್ನು ಜಗಲಿಗೇ ತಂದಿಟ್ಟರು.

ಭಾನುವಾರ ಹದಿಮೂರಕ್ಕೆ ನಾನು ಬಂಡೀಪುರಕ್ಕೆ ಬರುತ್ತಿದ್ದೇನೆ. ಅಪ್ಪ ಜೊತೆಗಿರುತ್ತಾರೆ. ಮುಸುಕು ಹಾಕುವುದಿಲ್ಲ. ಈ ಸಲ ಕಾಡಿಗೆ ಓಡಿದರೆ ನಾನೂ ಕಾಡಿಗೇ ಬರುತ್ತೇನೆ.

ಅನು


ಬಂಡೀಪುರ
15 ಮಾರ್ಚ್ 2005

ಅನು,

ನೀನು ಊಟಿ ಬಸ್ಸಿನಿಂದ ಇಳಿದಾಗ ಚೆಕ್‌ಪೋಸ್ಟಿನವರು ಯಾವುದೋ ಮಠದ ಸನ್ಯಾಸಿನಿ ಎಂದು ಎದ್ದು ಕೈ ಮುಗಿದರಂತೆ. ಇನ್ನೂ ಅದೇ ಮಾತಾಡಿಕೊಂಡು ನಗುತ್ತಿದ್ದಾರೆ. ನಾನು ಕುಂಟುವುದನ್ನು ನೀನು ನೋಡಿದೆ. ನೋಡಿಯೂ ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಊತ ಮತ್ತೆ ಬಂದು ಮೂರು ವಾರವಾಯಿತು. ಪ್ಯಾಂಟಿನೊಳಗೆ ಬಟ್ಟೆ ಸುತ್ತಿಕೊಂಡು ಅವ್ವನಿಂದ ಮುಚ್ಚಿಟ್ಟಿದ್ದೆ.

ನೀನು ಬೈಯುತ್ತೀಯ ಎಂದು ತಯಾರಾಗಿ ಕೂತಿದ್ದೆ. ನೀನು ನೋಡಿದರೆ ಮಾವನ ಜೊತೆ ಜಗಳಕ್ಕೆ ನಿಂತೆ. ಅವರ ಜೊತೆ ರೇಂಜರ್ ಸಾಹೇಬರೂ ಹಾಗೆ ಮಾತಾಡುವುದಿಲ್ಲ. ಅವರು "ಅವ್ನಿನ್ನೂ ಚಿಕ್ಕ್ ಮಗ ಕಣಮ್ಮಿ, ಅವ್ನಿಗೇನ್ ಗೊತ್ತಾದದು?" ಎಂದಾಗ ನೀನು ಹೇಳಿದ್ದನ್ನು ನಾನು ಮರೆಯುವುದಿಲ್ಲ. "ಆನೆ ಬಂದ್ರೆ ಯಾವ ಕಡೆ ಓಡ್ಬೇಕು ಅಂತ ಅವ್ನಿಗೆ ಗೊತ್ತು ಅಂತ ಕಾಡಲ್ಲಿ ಒಬ್ನೇ ಬುಡ್ತೀರಿ. ಆಸ್ಪತ್ರೇಲಿ ಮಾತ್ರ ಮಗನಾ?" ಅವ್ವ ಒಳಗಿನಿಂದ ಇಣುಕಿ ನೋಡಿದಳು. ಮಾವ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. ನಿನ್ನೆ ಬೆಳಿಗ್ಗೆ ಬಂದು "ಏನ್ಲಾ ಮಾಡಾದು? ನೀನೇ ಹೇಳು" ಎಂದರು. ಹುಟ್ಟಿದಾಗಿನಿಂದ ಅವರು ನನ್ನನ್ನು ಆ ಮಾತು ಕೇಳಿದ್ದು ಇದೇ ಮೊದಲು.

ಗುರುವಾರ ಬರುತ್ತೇನೆ. ನಿನಗೆ ಸೋತು ಬರುತ್ತಿದ್ದೇನೆ ಎಂದುಕೊಳ್ಳಬೇಡ. ಡಾಕ್ಟರು ಕನ್ನಡದಲ್ಲಿ, ನನ್ನ ಮುಖ ನೋಡಿಕೊಂಡು, ನನಗೆ ಹೇಳಬೇಕು. ಹೇಳದಿದ್ದರೆ ಎದ್ದು ಬರುತ್ತೇನೆ. ಹೇಳಿದ ಮೇಲೆ ಬೇಕೋ ಬೇಡವೋ ನಾನು ಹೇಳುತ್ತೇನೆ.

ಮಹಾಲಿಂಗ


ಕುದೇರು
24 ಮಾರ್ಚ್ 2005

ಮಹಾಲಿಂಗ,

ಈ ಕಾಗದವನ್ನು ಆಸ್ಪತ್ರೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹದಿನೇಳರಂದು ನನ್ನ ಹನ್ನೆರಡನೆಯದು ಇಳಿಯುತ್ತಿತ್ತು, ಆದ್ದರಿಂದ ನಿನ್ನ ಜೊತೆ ಒಳಗೆ ಬರಲಾಗಲಿಲ್ಲ. ಆಮೇಲೆ ಮೇಡಂ ಹೇಳಿದರು. ಡಾಕ್ಟರು ಅಭ್ಯಾಸದಂತೆ ನಿನ್ನ ಮಾವನ ಕಡೆ ತಿರುಗಿದರಂತೆ. ಮಾವ ಕುರ್ಚಿ ಬಿಟ್ಟು ಎದ್ದು, ನಿನ್ನನ್ನು ಸ್ಟೂಲಿನಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಹೊರಗೆ ಹೋಗಿ ನಿಂತರಂತೆ. ಡಾಕ್ಟರು ಒಂದು ನಿಮಿಷ ತಡವರಿಸಿ, ಆಮೇಲೆ ಅರ್ಧ ಗಂಟೆ ನಿನ್ನೊಬ್ಬನ ಜೊತೆ ಮಾತಾಡಿದರಂತೆ. ಅವರು ಕೆಟ್ಟವರಲ್ಲ ಮಹಾಲಿಂಗ. ನಮ್ಮ ವಯಸ್ಸಿನವರ ಜೊತೆ ಮಾತಾಡಿ ಅವರಿಗೆ ರೂಢಿಯಿಲ್ಲ.

ಮೂರು ತಿಂಗಳು ಹಾಳಾಯಿತು ಎಂದೂ, ಎದೆಯ ಫೋಟೋದಲ್ಲಿ ಸದ್ಯಕ್ಕೆ ಏನೂ ಕಾಣುತ್ತಿಲ್ಲ ಆದರೆ ಮಾತು ಕೊಡಲಾರೆ ಎಂದೂ ಅವರು ಅಂದದ್ದು ಕೇಳಿದೆ. ನಿನಗೆ ಧೈರ್ಯವಾಗಿರು ಎಂದು ಬರೆಯುವುದಿಲ್ಲ. ಧೈರ್ಯದ ಮಾತು ನಮ್ಮಿಬ್ಬರಿಗೂ ಸಾಕಾಗಿದೆ.

ಸೋಮವಾರ ಕಾಲೇಜಿಗೆ ಹೋದೆ. ಹಿಂದಿನ ಬೆಂಚಿನ ಇಬ್ಬರು ತಲೆ ಸವರಿಕೊಂಡು ನಕ್ಕರು. ಲೇಡೀಸ್ ರೂಮಿಗೆ ಹೋಗಿ ಅತ್ತೆ. ಮಂಗಳವಾರ ಮತ್ತೆ ಹೋದೆ. ಇದು ನಿಜ, ಬೇಕಾದರೆ ಶಿವರಂಜಿನಿಯನ್ನು ಕೇಳು. ನನ್ನದು ಪೂರ್ತಿ ಹೋಗಿದೆಯೋ ಇಲ್ಲವೋ ಎಂದು ಮುಂದಿನ ತಿಂಗಳು ಸ್ಕ್ಯಾನ್ ಮಾಡುತ್ತಾರೆ. ರಿಪೋರ್ಟನ್ನು ನನ್ನ ಕೈಗೇ ಕೊಡಬೇಕು ಎಂದು ಹೇಳಿ ಬಂದಿದ್ದೇನೆ.

ಆದ ಮೇಲೆ ಬರೆ. ಕೆಟ್ಟದಾಗಿದ್ದರೆ ಕೆಟ್ಟದಾಗಿಯೇ ಬರೆ.

ಅನು


ಮೈಸೂರು, ಆಸ್ಪತ್ರೆ
8 ಏಪ್ರಿಲ್ 2005

ಅನು,

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ.

ಮಾರ್ಚ್ 29ರಂದು ತೆಗೆದರು. ಹಿಂದಿನ ದಿನ ಡಾಕ್ಟರು ಫಾರಂ ತಂದು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದರು. ಎಲ್ಲಿಗೆ ಕುಯ್ಯುತ್ತೀರಿ ಎಂದು ಕೇಳಿದೆ. ನನ್ನ ತೊಡೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಕುಯ್ಯದಿದ್ದರೆ ಎಷ್ಟು ದಿನ ಎಂದೆ. ಅದನ್ನೂ ಹೇಳಿದರು. ಇಡೀ ರಾತ್ರಿ ಬೇಕು ಎಂದು ಫಾರಂ ಇಟ್ಟುಕೊಂಡು, ಬೆಳಿಗ್ಗೆ ರುಜು ಹಾಕಿದೆ. ಮಾವ ಕೆಳಗೆ ಸಾಕ್ಷಿ ಹಾಕಿದರು. ಅವರ ರುಜು ವಕ್ರವಾಯಿತು, ನನ್ನದು ನೆಟ್ಟಗೇ ಬಿತ್ತು. ಇದೊಂದು ಜಂಬ ಬರೆದುಕೊಳ್ಳಲು ಬಿಡು.

ಉಳಿದದ್ದೆಲ್ಲ ಕೆಟ್ಟದಾಗಿದೆ. ಇರುವೆ ಕಚ್ಚಿದ ಹಾಗಿಲ್ಲ. ಅವ್ವಾ ಎಂದು ವಾರ್ಡೆಲ್ಲ ಕೇಳುವಂತೆ ಕಿರುಚಿದೆ. ನರ್ಸಿಗೆ ಬಾಯಿಗೆ ಬಂದದ್ದು ಬೈದೆ, ಮಾರನೇ ದಿನ ಕ್ಷಮೆ ಕೇಳಿದೆ. ತಟ್ಟೆ ಎಸೆದೆ. ಇಲ್ಲದ ಕಾಲಿನ ಹೆಬ್ಬೆರಳು ಈಗಲೂ ನವೆಯಾಗುತ್ತದೆ, ಕೆರೆದುಕೊಳ್ಳಲು ಕೈ ಹಾಕಿದರೆ ಹಾಸಿಗೆ ಸಿಗುತ್ತದೆ. ಮೊದಲ ಐದು ದಿನ ಹೊದಿಕೆಯ ಕೆಳಗೆ ನೋಡಲಿಲ್ಲ. ಆರನೇ ದಿನ ನೋಡಿ ಗೋಡೆಗೆ ಮುಖ ಮಾಡಿ ಮಲಗಿದೆ. ಸಂಜೆ ಮೇಡಂ ಕೇರಂ ಬೋರ್ಡನ್ನು ನನ್ನ ಮಂಚಕ್ಕೇ ಹೊತ್ತು ತಂದರು. ಅಯ್ಯೋ ಪಾಪ ಎಂದು ಸೋಲಬೇಡಿ ಎಂದೆ. ಅವರು ಪಾಪ ನೋಡಲೇ ಇಲ್ಲ, ಮೂರು ಆಟ ಸೋಲಿಸಿದರು. ಗಾಯ ಒಣಗಿದ ಮೇಲೆ ಇನ್ನೂ ಮೂರು ಸುತ್ತು ಇಂಜೆಕ್ಷನ್ ಇದೆ. ಕಾಡಿನಲ್ಲಿ ಮತ್ತೆ ಓಡುವುದು ಇಲ್ಲ. ಅದಕ್ಕೆ ಸಮಾಧಾನ ಹೇಳಬೇಡ.

ತೆಗೆದ ಕಾಲನ್ನು ಏನು ಮಾಡಬೇಕು ಎಂದು ಆಸ್ಪತ್ರೆಯವರು ಕೇಳಿದ್ದರು. ನಾವು ಹೂಳುವವರು. ಮಾವ ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೋಗಿ, ಗುಂಡ್ಲುಪೇಟೆ ಹತ್ತಿರದ ನಮ್ಮ ಹೊಲದಲ್ಲಿ ಅಪ್ಪನ ಪಕ್ಕ ಹೂತು ಬಂದರು. ಇವತ್ತಿಗೆ ಹನ್ನೊಂದು ದಿನ. ಬೆಳಿಗ್ಗೆ ಅವ್ವ ಬಸ್ಸಿನಲ್ಲಿ ಬಂದಳು. ಕ್ಯಾರಿಯರ್‌ನಲ್ಲಿ ಮುದ್ದೆ, ಹುರುಳಿಕಾಳಿನ ಸಾರು, ವಡೆ, ಪಾಯಸ. ಇಷ್ಟೊಂದು ಯಾಕೆ ಎಂದೆ. ಡಬ್ಬಿಗಳನ್ನು ಬಿಚ್ಚಿ ಸಾಲಾಗಿ ಇಟ್ಟಳು. ಆಮೇಲೆ, "ಅರ್ಧ ನಿಂಗ ಮಗಾ. ಇನ್ನರ್ಧ ಸಂಜ ಓಗಿ ಗುಂಡಿ ತಾವ ಎಡೆ ಇಟ್ಟು ಬತ್ತೀನಿ. ಮೈಯ ಪಾಲಲ್ವಾ, ಅದ್ಕೂ ತಿಥಿ ಆಗ್ಬೇಕು" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಎರಡು ಕೈ ಊರಿ, ಮೊದಲ ಸಲ ಯಾರ ಸಹಾಯವೂ ಇಲ್ಲದೆ ಎದ್ದು ಕೂತೆ. "ಎಡೆ ಇಕ್ಕಾದು ಸತ್ತೋರ್ಗ ಕಣವ್ವ. ನಾನಿಲ್ಲೇ ಕುಂತಿವ್ನಿ. ಎರಡು ಪಾಲೂ ಇತ್ತಾಗ್ ಕೊಡು" ಎಂದೆ. ಅವ್ವ ಅಳುತ್ತಾ ಬಡಿಸಿದಳು. ಎರಡು ಪಾಲನ್ನೂ ತಿಂದೆ. ಅರ್ಧ ವಾಂತಿಯಾಯಿತು, ಅರ್ಧ ಹೊಟ್ಟೆಯಲ್ಲಿದೆ.

ಮಹಾಲಿಂಗ